ಕೆಲಸ ಮಾಡುವ ಕಾಡಿಗೆ ನಾಲ್ಕು ದಿನ

(ಸಂಘದ ಮಾಸಿಕ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಮಾಡುವವನಲ್ಲ. ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಗಿರಣಿಯಲ್ಲಿ ಬದಲಿ ಕಾಮಗಾರನಾಗಿ ದುಡಿದು, ೧೯೮೨ರ ಮುಷ್ಕರದ ನಂತರ ಮತ್ತೆ ಹೋಟೆಲಿನ ಗಲ್ಲೆಗೇ ಬಂದು ಕುಳಿತವನು. ಅಂಥವನನ್ನು ಇಂದು ಈ ಮೇಜಿನ ಮುಂದೆ ನಿಲ್ಲಿಸಿದ್ದು ಒಂದು ಅರ್ಜಿ. ನಮ್ಮ ಸಂಘದ ಹನ್ನೊಂದು ಮಂದಿ ತರುಣರು ಸಮಿತಿಗೆ ಹೀಗೆ ಬರೆದುಕೊಂಡಿದ್ದಾರೆ: ಬರುವ ಚಳಿಗಾಲದಲ್ಲಿ ದಾಂಡೇಲಿ, ಜೊಯಿಡಾ, ಹಳಿಯಾಳಗಳ ಕಡೆಯ ಕಾಡಿನಲ್ಲಿ ನಾಲ್ಕು ದಿನ ಕಾಲ್ನಡಿಗೆಯಲ್ಲಿ ತಿರುಗಾಡಿ ಬರಬೇಕೆಂದಿದ್ದೇವೆ, ಸಂಘವು ಒಪ್ಪಿಗೆ ಕೊಡಬೇಕು, ಕೈಲಾದರೆ ಸ್ವಲ್ಪ ಹಣವನ್ನೂ ಕೊಡಬೇಕು. ನಾನು ಹಳಿಯಾಳದ ಕಡೆಯವನು, ನನ್ನ ತಂದೆಯವರು ನಾಟಾ ಡಿಪೋದಲ್ಲಿ ಹಮಾಲಿ ಮಾಡಿದವರು. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ಸಮಿತಿಯ ಅಪ್ಪಣೆಯಾಗಿದೆ.

ಅರ್ಜಿಯನ್ನು ಓದಿದಾಗ ನಮ್ಮ ಖಜಾಂಚಿಯವರು ನಕ್ಕರು. "ದಿನಕ್ಕೆ ಹತ್ತು ತಾಸು ತಟ್ಟೆ ಹಿಡಿದು ನಡೆಯುವ ಹುಡುಗರಿಗೆ ರಜೆಯಲ್ಲೂ ನಡೆಯುವ ಹುಚ್ಚೇ?" ಎಂದರು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮೇಜಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೇಜಿಗೆ ನಡೆಯುವುದು ಗಾಣದ ಎತ್ತಿನ ನಡಿಗೆ. ಎಷ್ಟು ಮೈಲಿ ನಡೆದರೂ ಇದ್ದಲ್ಲೇ ಇರುತ್ತೇವೆ. ತಾನು ಆರಿಸಿಕೊಂಡ ದಾರಿಯಲ್ಲಿ ತನ್ನ ಕಾಲಿನಿಂದ ತಾನೇ ಹೋಗಬೇಕೆಂಬ ಆಸೆ ಹುಡುಗರಿಗೆ ಹುಟ್ಟಿದರೆ ಅದನ್ನು ನಾನು ಹುಚ್ಚೆನ್ನಲಾರೆ. ಒಪ್ಪಿಗೆ ಕೊಡಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹೋಗುವ ಮೊದಲು ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು. ನಾವು ಹೋಗುವುದು ಯಾವ ಬಗೆಯ ಕಾಡಿಗೆ ಎಂಬುದು ಒಂದು. ಹೇಗೆ ಹೋಗಬೇಕು ಎಂಬುದು ಇನ್ನೊಂದು.

ಪಟ್ಟಣದಲ್ಲಿ ಕುಳಿತವರಿಗೆ ಕಾಡೆಂದರೆ ಮನುಷ್ಯರೇ ಇಲ್ಲದ ಜಾಗ, ಯಾರ ಒಡೆತನವೂ ಇಲ್ಲದ ಬಯಲು. ಈ ಕಾಡು ಹಾಗಲ್ಲ. ಇದು ನೂರೈವತ್ತು ವರ್ಷಗಳಿಗೂ ಮಿಕ್ಕಿ ದುಡಿದ ಕಾಡು. ಪಶ್ಚಿಮ ಕರಾವಳಿಯ ತೇಗದಿಂದ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಹಡಗುಗಳಾದವು. ೧೮೬೨ರಿಂದ ೧೯೫೬ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೇ ಸೇರಿದ್ದಿತು. ಅಲ್ಲಿ ಮರ ಕಡಿಯುವ ಅಪ್ಪಣೆಗಳು ಈ ಪಟ್ಟಣದ ಕಚೇರಿಗಳಿಂದ ಹೊರಡುತ್ತಿದ್ದವು. ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದ್ದೂ ಮುಖ್ಯವಾಗಿ ನಾಟಾ ಸಾಗಿಸುವುದಕ್ಕೆ. ೧೯೫೫ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರಖಾನೆ ಬಹುಕಾಲ ಈ ಕಾಡಿನ ಬಿದಿರನ್ನು ನಂಬಿತ್ತು. ನಮ್ಮ ರಾತ್ರಿ ಶಾಲೆಯ ನೋಟುಬುಕ್ಕಿನಲ್ಲಿ ಯಾವ ಹಾಳೆ ಆ ಬಿದಿರಿನದೋ ಯಾರು ಬಲ್ಲರು!

ಕಾಡಿನಂತೆ ನದಿಯೂ ದುಡಿಯುವ ನದಿಯೇ. ಕಾಳಿ ನದಿ ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದ ಬಳಿ ಸಮುದ್ರ ಸೇರುತ್ತದೆ. ಆ ಹಾದಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳು. ನಾಗಝರಿಯಲ್ಲಿ ದೊಡ್ಡ ವಿದ್ಯುದಾಗಾರ. ೧೯೮೭ರಲ್ಲಿ ಮುಗಿದ ಸೂಪಾ ಅಣೆಕಟ್ಟಿನ ಎತ್ತರ ೧೦೧ ಮೀಟರು. ಅದರ ನೀರಿನ ಕೆಳಗೆ ಸೂಪಾ ಎಂಬ ಪೇಟೆಯೇ ಮುಳುಗಿದೆ. ಅಲ್ಲಿಯ ಎಷ್ಟೋ ಮಂದಿ ರಾಮನಗರಕ್ಕೆ ಹೋಗಿ ನೆಲಸಿದರು. ಊರು ಬಿಟ್ಟು ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಮಗೆ ಊರು ಅಲ್ಲಿಯೇ ಇದೆ ಎಂಬ ಸಮಾಧಾನವಾದರೂ ಇದೆ. ಆ ಜನಕ್ಕೆ ಅದೂ ಇಲ್ಲ.

ಕಾಲ ಬದಲಾಯಿತು. ೧೯೫೬ರಲ್ಲಿ ದಾಂಡೇಲಿಯಲ್ಲಿ ವನ್ಯಮೃಗಗಳ ರಕ್ಷಣೆಗೆ ಅಭಯಾರಣ್ಯವಾಯಿತು. ೧೯೮೦ರಲ್ಲಿ ಅರಣ್ಯ ಸಂರಕ್ಷಣೆಯ ಕಾಯಿದೆ ಬಂತು. ೧೯೮೩ರ ಸೆಪ್ಟೆಂಬರ ೮ರಂದು ಸಿರ್ಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದುಹೋಗಿ, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. ಒಪ್ಪಿಗೆಯಾದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ೧೯೯೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ೨೦೦೭ರಲ್ಲಿ ದಾಂಡೇಲಿ ಮತ್ತು ಅಣಶಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶವಾದವು. ೨೦೧೫ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರಾಯಿತು.

ಹಾಗೆಂದು ಕೆಲಸ ನಿಂತಿಲ್ಲ. ಮೀಸಲು ಪ್ರದೇಶದ ಹೊರಗಿನ ತೇಗದ ನೆಡುತೋಪುಗಳಲ್ಲಿ ಒತ್ತಾದ ಮರಗಳನ್ನು ಸರದಿಯ ಪ್ರಕಾರ ತೆಗೆಯುತ್ತಾರೆ. ದಿಮ್ಮಿಗಳು ಡಿಪೋಕ್ಕೆ ಬಂದು, ಲಾಟು ಲಾಟಾಗಿ ಹರಾಜಾಗುತ್ತವೆ. ಬೇಸಗೆಗೆ ಮುಂಚೆ ಬೆಂಕಿರೇಖೆ ಕಡಿಯುವವರಿದ್ದಾರೆ. ಒಳಕಾಡಿನಲ್ಲಿ ಹಗಲೂ ರಾತ್ರಿ ತಿರುಗುವ ಗಾರ್ಡುಗಳೂ ವಾಚರುಗಳೂ ಇದ್ದಾರೆ. ಕುಣಬಿಯರು ಗದ್ದೆ ಮಾಡುತ್ತಾರೆ, ಗೌಳಿಗರು ಎಮ್ಮೆ ಕಾಯುತ್ತಾರೆ, ಸಿದ್ದಿಯರು ಕೂಲಿಗೆ ಹೋಗುತ್ತಾರೆ, ಜೇನು ತೆಗೆಯುತ್ತಾರೆ. ನೀವು ಹೋಗಲಿರುವುದು ಇನ್ನೊಬ್ಬ ದುಡಿಮೆಗಾರನ ಕೆಲಸದ ಜಾಗಕ್ಕೆ. ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನನ್ನದೇ ಒಂದು ಕಥೆಯಿದೆ. ಈ ಸಭೆಯಲ್ಲಿ ಇದುವರೆಗೆ ಹೇಳಿದವನಲ್ಲ, ಇಂದು ಹೇಳಿಬಿಡುತ್ತೇನೆ.

೧೯೮೪ರ ಡಿಸೆಂಬರ. ನಾವು ಐದು ಮಂದಿ. ಮೂವರು ಹೋಟೆಲಿನವರು, ಇಬ್ಬರು ಗಿರಣಿ ಬಿಟ್ಟವರು. "ನನ್ನ ಊರಿನ ಕಾಡು, ನಾನು ತೋರಿಸುತ್ತೇನೆ" ಎಂದು ಹೊರಡಿಸಿದವನು ನಾನೇ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟವನಿಗೆ ಕಾಡಿನ ದಾರಿ ಎಷ್ಟು ಗೊತ್ತಿದ್ದೀತು? ಆದರೆ ಜಂಬ. ಮೀರಜಿನಲ್ಲಿ ಗಾಡಿ ಬದಲಿಸಿ ಅಳ್ನಾವರದಲ್ಲಿ ಇಳಿದು, ಬಸ್ಸಿನಲ್ಲಿ ಹಳಿಯಾಳಕ್ಕೆ ಬಂದೆವು. ಯಾರ ಪರವಾನಗಿಯನ್ನೂ ಕೇಳಲಿಲ್ಲ. ಮನೆಯಲ್ಲಿ ತಾಯಿಗೂ ಎಲ್ಲಿಗೆ ಹೋಗುತ್ತೇವೆಂದು ಸರಿಯಾಗಿ ಹೇಳಲಿಲ್ಲ. ಒಂದು ಗಾಡಿದಾರಿ ಹಿಡಿದು ಒಳಗೆ ನುಗ್ಗಿದೆವು.

ಮೊದಲ ದಿನ ಸುಖವಾಗಿಯೇ ಕಳೆಯಿತು. ಎರಡನೆಯ ದಿನ ದಾರಿ ತಪ್ಪಿತು. ಬಂದ ದಾರಿಯಲ್ಲೇ ಹಿಂದಿರುಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಒಬ್ಬ ಗೆಳೆಯನಿದ್ದ, ಕುಂದಾಪುರದ ಕಡೆಯವನು. ಅವನ ರಜೆ ಮರುದಿನಕ್ಕೆ ಮುಗಿಯುತ್ತಿತ್ತು. ಒಂದು ದಿನ ತಡವಾದರೆ ಆ ಕಲ್ಲಿನ ಮುಂದೆ ಬೇರೊಬ್ಬ ನಿಂತಿರುತ್ತಾನೆ ಎಂಬ ಭಯ ನಮಗೆಲ್ಲ ಗೊತ್ತಿದ್ದದ್ದೇ. ಅದಕ್ಕಾಗಿ ಅಡ್ಡದಾರಿ ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ಇಳಿಜಾರಿನಲ್ಲಿ ತೇಗದ ಒಂದು ಕೂಪು ಎದುರಾಯಿತು. ಕಡಿದ ದಿಮ್ಮಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಆಳುಗಳು ಒಬ್ಬರೂ ಇರಲಿಲ್ಲ. ಅಂದು ಸಂತೆಯ ದಿನ. ನಮಗೆ ಹಸಿವು. ಚಾ ಮಾಡೋಣವೆಂದು ಕಲ್ಲು ಹೂಡಿದೆವು. ಕಟ್ಟಿಗೆಯೆಲ್ಲ ಇಬ್ಬನಿಗೆ ಒದ್ದೆ. ಒಟ್ಟಿದ ದಿಮ್ಮಿಗಳ ಬುಡದಲ್ಲಿ ಒಣಗಿದ ಮರದ ತುಂಡೊಂದು ಸಿಕ್ಕಿಸಿತ್ತು. ನಾನು ಅದನ್ನು ಅಲ್ಲಾಡಿಸಿ ಎಳೆದು ತಂದು ಒಲೆಗೆ ಹಾಕಿದೆ.

ಅದು ಬೆಣೆ. ದಿಮ್ಮಿಗಳು ಉರುಳದಂತೆ ಹೊಡೆದ ಬೆಣೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನೀರು ಕುದಿಯಲಿಕ್ಕೆ ಹತ್ತಿತ್ತು. ಗೆಳೆಯನು ದಿಮ್ಮಿಗೆ ಒರಗಿ ಕಾಲು ಚಾಚಿ ಕುಳಿತಿದ್ದ. ಎದ್ದು ನಿಲ್ಲಲು ಕೈಯೂರಿದ, ಅಷ್ಟೇ. ಕೆಳಗಿನ ದಿಮ್ಮಿ ಅರ್ಧ ಸುತ್ತು ಉರುಳಿತು. ಅರ್ಧವೇ ಸುತ್ತು. ಅವನ ಬಲಗಾಲಿನ ಪಾದ ಅದರ ಕೆಳಗೆ ಹೋಯಿತು.

ನಾಲ್ಕು ಮಂದಿ ಸೇರಿ ಮೀಟುಗೋಲು ಹಾಕಿ ಕಾಲು ಬಿಡಿಸಿದೆವು. ಆಮೇಲೆ ಏನು ಮಾಡುವುದು? ಯಾವ ದಿಕ್ಕಿಗೆ ಊರು ಎಂಬುದು ತಿಳಿಯದು. ಕೂಗಿದರೆ ಕೇಳುವವರಿಲ್ಲ. ಮೂರು ತಾಸು ಹಾಗೆಯೇ ಕುಳಿತೆವು. ಬಿಸಿಲಿಳಿಯುವ ಹೊತ್ತಿಗೆ ಸಂತೆಯಿಂದ ಹಿಂದಿರುಗುತ್ತಿದ್ದ ಮರ ಕಡಿಯುವವರು ನಮ್ಮ ಕೂಗು ಕೇಳಿ ಬಂದರು. ಒಂದು ಮಾತು ಬೈಯಲಿಲ್ಲ. ಎರಡು ಬಿದಿರು ಕಡಿದು, ಸಂತೆಯಲ್ಲಿ ಅಂದೇ ಕೊಂಡು ತಂದಿದ್ದ ಹೊಸ ಕಂಬಳಿಯನ್ನು ಕಟ್ಟಿ ಜೋಲಿ ಮಾಡಿದರು. ಸರದಿಯ ಮೇಲೆ ಹೊತ್ತು ಕತ್ತಲಲ್ಲಿ ಲಾರಿ ದಾರಿಗೆ ಮುಟ್ಟಿಸಿದರು. ನಾಟಾ ಲಾರಿಯ ಡ್ರೈವರನು ಅವನನ್ನು ತನ್ನ ಪಕ್ಕದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಲಪಿಸಿದ.

ಹೊರಡುವ ಮೊದಲು ಅವರಲ್ಲಿ ಹಿರಿಯನೊಬ್ಬ ನಮ್ಮ ಒಲೆಯ ಹತ್ತಿರ ಬಗ್ಗಿ, ಅರ್ಧ ಸುಟ್ಟ ಬೆಣೆಯನ್ನು ಕೈಗೆತ್ತಿಕೊಂಡು ನೋಡಿದ. ನನ್ನ ಮುಖವನ್ನೂ ನೋಡಿದ. "ಗೊತ್ತಿಲ್ಲದವರ ಮನ್ಯಾಗ ಕಟ್ಟಿಗಿ ಕೇಳಿ ತಗೋಬೇಕ್ರೀ ತಮ್ಮಾ" ಎಂದ. ಅಷ್ಟೇ ಅಂದದ್ದು. ಅವನ ಕಂಬಳಿಯ ಬೆಲೆ ಕೊಡಲು ಹೋದೆವು, ತೆಗೆದುಕೊಳ್ಳಲಿಲ್ಲ.

ಬೆಣೆ ಎಳೆದವನು ನಾನೆಂದು ಆಸ್ಪತ್ರೆಯಲ್ಲಿ ಗೆಳೆಯನಿಗೆ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಚಾ ಆದರೂ ಕುಡಿದಿರಾ ಮಾರಾಯ?" ಎಂದು ಕೇಳಿದ. ನಗಿಸಲಿಕ್ಕೆಂದೇ ಕೇಳಿದ್ದು, ನನಗೆ ನಗು ಬರಲಿಲ್ಲ. ಮೂಳೆ ಕೂಡಿತು, ಆದರೆ ಎಂಟು ತಾಸು ದೋಸೆಕಲ್ಲಿನ ಮುಂದೆ ನಿಲ್ಲುವ ಕಾಲು ಅದಾಗಲಿಲ್ಲ. ಕೆಲಸ ಹೋಯಿತು. ಹೋಟೆಲಿನಲ್ಲಿ ಕೆಲಸ ಹೋದರೆ ಮಲಗುವ ಜಾಗವೂ ಹೋಗುತ್ತದೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಊರಿಗೆ ಹೋದ. ಅಲ್ಲಿ ಒಂದು ಗೂಡಂಗಡಿ ಇಟ್ಟು ಮಕ್ಕಳನ್ನು ಓದಿಸಿದ. ನನಗೆ ಪತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಅದು ಅವನ ದೊಡ್ಡತನ.

ಬಂಧುಗಳೇ, ಸಿರಿವಂತನು ಕಾಲು ಮುರಿದುಕೊಂಡರೆ ಅವನಿಗೆ ಆರು ವಾರ ವಿಶ್ರಾಂತಿ. ನಮ್ಮವನು ಮುರಿದುಕೊಂಡರೆ ಒಂದು ಮನೆಯ ಒಲೆ ಆರುತ್ತದೆ. ನಮ್ಮ ಮೈಯೇ ನಮ್ಮ ಬಂಡವಾಳ. ಆದುದರಿಂದ ಏರ್ಪಾಡು ಮಾಡಿಕೊಂಡು ಹೋಗುವುದು ಅಂಜುಬುರುಕತನವಲ್ಲ. ಈಗ ಆ ಏರ್ಪಾಡಿನ ವಿಚಾರಕ್ಕೆ ಬರುತ್ತೇನೆ.

ಮೊದಲನೆಯದು ಪರವಾನಗಿ. ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದು ಅಪರಾಧ. ಹುಲಿ ಮೀಸಲಿನ ಒಳಭಾಗವಂತೂ ೮೦೦ ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ನಮ್ಮಿಷ್ಟದಂತೆ ತಿರುಗುವ ಮಾತೇ ಇಲ್ಲ. ಇಲಾಖೆ ತೆರೆದಿಟ್ಟ ದಾರಿಯಲ್ಲಿ, ಅವರು ಕೊಟ್ಟ ಮಾರ್ಗದರ್ಶಿಯೊಡನೆ, ಅವರು ಹೇಳಿದ ಹೊತ್ತಿನಲ್ಲಿ ಮಾತ್ರ ನಡೆಯಬೇಕು. ಮೀಸಲಿನ ಕಚೇರಿ ದಾಂಡೇಲಿಯಲ್ಲಿದೆ. ಹೊರಗಿನ ತೋಪುಗಳಿಗೆ ಹಳಿಯಾಳದ ವಿಭಾಗದ ಕಚೇರಿಯಿದೆ. ಮೂರು ತಿಂಗಳು ಮುಂಚಿತವಾಗಿ ಸಂಘದ ಹೆಸರಿನಲ್ಲಿ ಪತ್ರ ಹೋಗಬೇಕು. ಹನ್ನೊಂದು ಮಂದಿಯ ಹೆಸರು, ವಯಸ್ಸು, ವಿಳಾಸ, ಹೋಗುವ ದಿನ, ಬರುವ ದಿನ ಎಲ್ಲವೂ ಅದರಲ್ಲಿರಲಿ. ಜೊತೆಗೆ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ಆ ದಿನಗಳಲ್ಲಿ ಯಾವ ಕೂಪಿನಲ್ಲಿ ಕೆಲಸ ನಡೆದಿರುತ್ತದೆ? ಯಾವ ದಾರಿಯಲ್ಲಿ ನಾಟಾ ಲಾರಿಗಳು ಓಡುತ್ತವೆ? ಯಾವ ದಾರಿ ಮುಚ್ಚಿದೆ? ದುಡಿಯುವ ಕಾಡಿನ ನಕಾಶೆ ವರ್ಷ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಹೋದವನ ಮಾತನ್ನು ಈ ವರ್ಷ ನಂಬಕೂಡದು. ಮೊಬೈಲಿನ ನಕಾಶೆಯನ್ನಂತೂ ನಂಬಲೇಬಾರದು. ನಾಟಾ ಸಾಗಿಸಲು ಮಾಡಿದ ಹಾದಿಯನ್ನು ಅದು ರಸ್ತೆಯೆಂದೇ ತೋರಿಸೀತು. ಆ ಹಾದಿ ಹಳೆಯ ಕೂಪಿನಲ್ಲಿ ಹೋಗಿ ಸುಮ್ಮನೆ ಮುಗಿದಿರುತ್ತದೆ.

ಎರಡನೆಯದು ಕಾಲ. ಜೂನಿನಿಂದ ಸೆಪ್ಟೆಂಬರದವರೆಗೆ ಅಲ್ಲಿ ಮಳೆಯದೇ ರಾಜ್ಯ. ಹಳ್ಳ ದಾಟಲಾಗದು, ಜಿಗಣೆಯ ಕಾಟ ಬೇರೆ. ಫೆಬ್ರವರಿಯಿಂದ ಮೇ ತನಕ ತೇಗದ ಎಲೆಯೆಲ್ಲ ಉದುರಿ ನೆಲ ಹಪ್ಪಳದಂತಿರುತ್ತದೆ. ಬೀಡಿಯ ಒಂದು ಕಿಡಿ ಗುಡ್ಡವನ್ನೇ ಸುಟ್ಟೀತು. ಆದ್ದರಿಂದ ನವೆಂಬರ ನಡುವಿನಿಂದ ಡಿಸೆಂಬರದೊಳಗೆ ಹೋಗಿ ಬರುವುದು ಲೇಸು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಡಿಸೆಂಬರದಿಂದ ಮೇ ತನಕ ಅದರ ಹಾವಳಿ ಹೆಚ್ಚು. ಅದನ್ನು ಹರಡುವುದು ಉಣ್ಣೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಕೂಡಲೆ ಗಾರ್ಡಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಮೈತುಂಬ ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಬೇಕು. ಆರೋಗ್ಯ ಇಲಾಖೆಯವರು ಉಣ್ಣೆ ತಡೆಯುವ ಎಣ್ಣೆ ಕೊಡುತ್ತಾರೆ. ಕೇಳಿ ಪಡೆದು ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಮಲಗಬಾರದು. ಸಂಜೆ ಒಬ್ಬರ ಮೈಯನ್ನು ಇನ್ನೊಬ್ಬರು ನೋಡಿ ಉಣ್ಣೆ ತೆಗೆಯಬೇಕು. ಇದರಲ್ಲಿ ನಾಚಿಕೆ ಬೇಡ. ಮುಂಬಯಿಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗಬೇಡಿ. ಡಾಕ್ಟರರಿಗೆ "ನಾನು ಇಂಥ ಕಾಡಿಗೆ ಹೋಗಿದ್ದೆ" ಎಂದು ನೀವಾಗಿಯೇ ಹೇಳಬೇಕು. ಈ ಪಟ್ಟಣದ ಡಾಕ್ಟರರಿಗೆ ಅದು ತಾನಾಗಿ ಹೊಳೆಯಲಾರದು.

ಮೂರನೆಯದು, ಕೆಲಸದ ಜಾಗದ ಶಿಸ್ತು. ಗಿರಣಿಗೆ ಹೊಸಬ ಬಂದರೆ ಮುಕಾದಮನು ಮೊದಲು ಹೇಳುತ್ತಿದ್ದದ್ದು ಪಟ್ಟೆ ಎಲ್ಲಿ ಓಡುತ್ತದೆ, ಯಾವುದನ್ನು ಮುಟ್ಟಬಾರದು ಎಂಬುದನ್ನು. ಸಂಬಳದ ಮಾತು ಆಮೇಲೆ. ಕಾಡಿಗೂ ಅದೇ ನ್ಯಾಯ. ಕೊಡಲಿಯ ಸದ್ದು, ಗರಗಸದ ಯಂತ್ರದ ಸದ್ದು ಕೇಳಿದರೆ ಅಲ್ಲೇ ನಿಂತು ಕೂಗಿ, ಮರುಕೂಗು ಬಂದ ಮೇಲೆಯೇ ಮುಂದೆ ಹೋಗಬೇಕು. ಬೀಳುವ ಮರದಿಂದ ಕನಿಷ್ಠಪಕ್ಷ ಅದರ ಎರಡು ಪಟ್ಟು ಎತ್ತರದಷ್ಟು ದೂರವಿರಬೇಕು. ಇಳಿಜಾರಿನಲ್ಲಿ ಅದರ ಕೆಳಮಗ್ಗುಲಿಗೆ ನಿಲ್ಲಲೇಬಾರದು. ಒಟ್ಟಿದ ದಿಮ್ಮಿಗಳ ಮೇಲೆ ಹತ್ತುವುದು, ಒರಗುವುದು, ಅದರ ಬಳಿ ಕುಳಿತು ಉಣ್ಣುವುದು, ಒಂದೂ ಕೂಡದು. ದಿಮ್ಮಿಯ ಮೇಲಿನ ಗುರುತು, ನಂಬರುಗಳನ್ನು ಅಳಿಸಬಾರದು. ಅದು ಆ ಜನರ ಹಾಜರಿ ಪುಸ್ತಕವಿದ್ದಂತೆ. ತುಂಬಿದ ಲಾರಿ ಎದುರಾದರೆ ದಾರಿ ಅದರದ್ದು. ಇಳಿಜಾರಿನಲ್ಲಿ ಅದು ಥಟ್ಟನೆ ನಿಲ್ಲಲಾರದು. ತಿರುವಿನಲ್ಲಿ ಕೂರದೆ, ದಾರಿಯಿಂದ ಚೆನ್ನಾಗಿ ದೂರ, ಗಟ್ಟಿನೆಲದ ಮೇಲೆ ನಿಂತುಕೊಳ್ಳಿ. ಧೂಳು ಮುಖಕ್ಕೆ ಬಡಿದರೆ ಬಡಿಯಲಿ. ಹಗಲು ಹನ್ನೆರಡು ಗಂಟೆಗೆ ನಮ್ಮ ಅಡುಗೆಮನೆಯೊಳಗೆ ಗಿರಾಕಿಗಳು ಹಿಂಡಾಗಿ ನುಗ್ಗಿ ನಮ್ಮನ್ನು ಅಡ್ಡಗಟ್ಟಿದರೆ ನಮಗೆ ಹೇಗನ್ನಿಸೀತು ಎಂಬುದನ್ನು ನೆನೆದರೆ ಸಾಕು.

ನದಿಯ ವಿಷಯವೂ ಹಾಗೆಯೇ. ವಿದ್ಯುತ್ತಿನ ಬೇಡಿಕೆಯಂತೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನಕ್ಕೆ ಮುಳುಗಿರುತ್ತದೆ. ಆಕಾಶದಲ್ಲಿ ಮೋಡ ಇರಬೇಕೆಂದಿಲ್ಲ. ದಾಂಡೇಲಿಯ ಬಳಿ ನೀರಿನಲ್ಲಿ ಮೊಸಳೆಗಳೂ ಇವೆ. ಊರವರು ಸ್ನಾನ ಮಾಡದ ಕಡೆ ನಾವು ನೀರಿಗಿಳಿಯುವ ಸಾಹಸ ಬೇಡ. ಕಡಲ ತೀರದಲ್ಲಿ ಹುಟ್ಟಿ ಈಜು ಬಲ್ಲವರಿಗೆ ಈ ಮಾತನ್ನು ಎರಡು ಸಲ ಹೇಳುತ್ತೇನೆ.

ನಾಲ್ಕನೆಯದು ನಡಿಗೆಯ ಲೆಕ್ಕ. ನಮ್ಮ ಹುಡುಗರು ಬರೆದ ಅರ್ಜಿಯಲ್ಲಿ ದಿನಕ್ಕೆ ೩೦ ಕಿಲೋಮೀಟರು ಎಂದಿದೆ. ಮರೀನ್ ಡ್ರೈವಿನ ಲೆಕ್ಕ ಅದು! ಬೆನ್ನ ಮೇಲೆ ಗಂಟು ಹೊತ್ತು, ಏರಿಳಿದು, ನಿಂತು ನೋಡುತ್ತ ನಡೆದರೆ ತಾಸಿಗೆ ೩ ಕಿಲೋಮೀಟರಿಗಿಂತ ಹೆಚ್ಚು ಸಾಗದು. ಡಿಸೆಂಬರದಲ್ಲಿ ಆರಕ್ಕೆ ಸೂರ್ಯ ಮುಳುಗುತ್ತಾನೆ, ಕಣಿವೆಯೊಳಗೆ ಐದಕ್ಕೇ ಮಬ್ಬು. ನಾಲ್ಕು ಗಂಟೆಗೆಲ್ಲ ತಂಗುವ ಜಾಗದಲ್ಲಿರಬೇಕು. ಆನೆ, ಕರಡಿ, ಕಾಡುಕೋಣ ತಿರುಗುವ ಹೊತ್ತು ನಮ್ಮದಲ್ಲ. ಹಾಗಾದರೆ ದಿನಕ್ಕೆ ೧೨ ಕಿಲೋಮೀಟರು ಧಾರಾಳವಾಯಿತು. ಗುಂಪಿನ ವೇಗವೆಂದರೆ ಹಿಂದುಳಿದವನ ವೇಗ. ಅವನನ್ನು ಮುಂದೆ ಬಿಟ್ಟು ನಡೆಯಿರಿ.

ಸಾಮಾನಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಗಂಟು ನಿಮ್ಮ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚಿರಬಾರದು. ತಲೆಗೆ ದಿನಕ್ಕೆ ೩ ಲೀಟರು ನೀರು ಬೇಕು. ಹಳ್ಳದ ನೀರನ್ನು ಕುದಿಸದೆ ಕುಡಿಯಬಾರದು. ಅವಲಕ್ಕಿ, ಬೆಲ್ಲ, ಹುರಿಗಡಲೆ, ಶೇಂಗಾ, ಚಪಾತಿ ಇವುಗಳಿಗೆ ಸಮನಾದ ಬುತ್ತಿ ಇಲ್ಲ. ಅಡುಗೆ ಬಲ್ಲವರಿಗೆ ಅಡುಗೆ ಹೇಳಿಕೊಡುವ ಧಾರ್ಷ್ಟ್ಯ ನನಗಿಲ್ಲ. ತಂಗುವ ಜಾಗದಲ್ಲಿ ಅಪ್ಪಣೆಯಿದ್ದಲ್ಲಿ ಮಾತ್ರ ಒಲೆ ಹಚ್ಚಿ ಎಂದಷ್ಟೇ ಹೇಳುತ್ತೇನೆ. ಹೊಸ ಬೂಟು ಕೊಂಡರೆ ತಿಂಗಳ ಮುಂಚೆಯೇ ತೊಟ್ಟು ಪಳಗಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ಅವನನ್ನು ನಡೆಸದೆ, ಹೊತ್ತುಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಹೊರಡುವ ಮೊದಲೇ ದಾಂಡೇಲಿ, ಜೊಯಿಡಾ, ಹಳಿಯಾಳ ಇವುಗಳಲ್ಲಿ ಯಾವ ಆಸ್ಪತ್ರೆ ಯಾವ ತಂಗುದಾಣಕ್ಕೆ ಹತ್ತಿರವೆಂದು ಬರೆದಿಟ್ಟುಕೊಳ್ಳಿ.

ಐದನೆಯದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹಿಂದೆ ಉಳಿಯುವವರ ಏರ್ಪಾಡು. ಒಳಗಾಡಿನ ಎಷ್ಟೋ ಕಡೆ ಮೊಬೈಲು ಮಾತಾಡುವುದಿಲ್ಲ. ಆದುದರಿಂದ ದಿನವಾರು ದಾರಿಯ ಒಂದು ಚೀಟಿ ಸಂಘದ ಕಚೇರಿಯಲ್ಲಿ, ಒಂದು ಮನೆಯವರಲ್ಲಿ, ಒಂದು ಅರಣ್ಯ ಕಚೇರಿಯಲ್ಲಿ ಇರಬೇಕು. "ಇಂಥ ದಿನ, ಇಂಥ ಗಂಟೆಯೊಳಗೆ ನಮ್ಮ ಸುದ್ದಿ ಬರದಿದ್ದರೆ ಹುಡುಕಿರಿ" ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೆದ ಮೇಲೆ ದಾರಿ ಬದಲಿಸಕೂಡದು.

ಮತ್ತು ರಜೆ. ನಾಲ್ಕು ದಿನದ ಪ್ರವಾಸಕ್ಕೆ, ರೈಲಿನ ಎರಡು ದಿನ ಬಿಟ್ಟು, ಇನ್ನೂ ಎರಡು ದಿನ ಹೆಚ್ಚಿಗೆ ರಜೆ ಕೇಳಿರಿ. ನಿಮ್ಮ ಜಾಗದಲ್ಲಿ ನಿಲ್ಲುವ ಬದಲಿಯವನನ್ನು ನೀವೇ ಗೊತ್ತುಮಾಡಿ, ಮಾಲಕರ ಒಪ್ಪಿಗೆ ಪಡೆಯಿರಿ. ಈ ಕೆಲಸದಲ್ಲಿ ಸಂಘ ನಿಮ್ಮ ಜೊತೆ ಬರಬೇಕು; ಮಾಲಕರೊಡನೆ ಮಾತಾಡುವುದು ಸಂಘದ ಕರ್ತವ್ಯವೆಂದು ಸಮಿತಿಗೆ ಅರಿಕೆ ಮಾಡುತ್ತೇನೆ. ೧೯೮೪ರಲ್ಲಿ ನನ್ನ ಗೆಳೆಯನ ಕಾಲು ಮುರಿಯಲು ಬೆಣೆ ಒಂದು ಕಾರಣ. ನಾಳೆ ಡ್ಯೂಟಿಗೆ ನಿಲ್ಲದಿದ್ದರೆ ಕೆಲಸ ಹೋಗುತ್ತದೆಂಬ ಭಯ ಅದಕ್ಕೂ ಮೊದಲಿನ ಕಾರಣ. ಕೈಯಲ್ಲಿ ಎರಡು ದಿನ ಇದ್ದಿದ್ದರೆ ನಾವು ಆ ಅಡ್ಡದಾರಿ ಹಿಡಿಯುತ್ತಿರಲಿಲ್ಲ.

ಹಣಕ್ಕೆ ನನ್ನ ಸಲಹೆ ಸರಳ. ಹನ್ನೊಂದು ಮಂದಿಯೂ ಈ ತಿಂಗಳಿನಿಂದ ತಲಾ ೩೦೦ ರೂಪಾಯಿ ಸಂಘದ ಡಬ್ಬಿಗೆ ಹಾಕಲಿ. ಮಾರ್ಗದರ್ಶಿಯ ಕೂಲಿಯನ್ನೂ ಆಸ್ಪತ್ರೆಗೆಂದು ತೆಗೆದಿಡುವ ಮೊತ್ತವನ್ನೂ ಸಂಘ ಕೊಡಲಿ. ಮಾರ್ಗದರ್ಶಿಯ ಕೂಲಿಯಲ್ಲಿ ಚೌಕಾಶಿ ಬೇಡ. ನಮ್ಮ ಕೂಲಿಯಲ್ಲಿ ಚೌಕಾಶಿ ಮಾಡಿದವರನ್ನು ನಾವು ಏನೆಂದು ಕರೆಯುತ್ತೇವೆ, ನೆನಪಿರಲಿ.

ಇಷ್ಟೆಲ್ಲ ಕೇಳಿದ ಮೇಲೆ, "ಇದೇನು, ಗಿರಣಿಯ ನಿಯಮಾವಳಿ ಓದಿದಂತಾಯಿತು, ಇದರಲ್ಲಿ ಆನಂದವೆಲ್ಲಿ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನನಗೆ ಕೇಳಿಸಿತು. ಸ್ವಾಮೀ, ಆನಂದವಿದೆ. ಬೆಳಗಿನ ಇಬ್ಬನಿಯಲ್ಲಿ ತೇಗದ ಅಗಲವಾದ ಎಲೆಯಿಂದ ಹನಿ ಬೀಳುವ ಸದ್ದಿದೆ. ತಲೆಯ ಮೇಲೆ ಓಂಗಿಲೆ ಹಕ್ಕಿ ಹಾರಿದರೆ ಯಾರೋ ಗಾಳಿಯನ್ನೇ ಗರಗಸದಿಂದ ಕೊಯ್ದಂತೆ ಕೇಳುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲು ಬೆಕ್ಕಿಗಿಂತ ಉದ್ದ! ನಾನು ಆ ಅಪಘಾತದ ನಂತರವೂ ಮೂರು ಸಲ ಹೋಗಿ ಬಂದಿದ್ದೇನೆ, ಅಪ್ಪಣೆ ಪಡೆದು. ದಾರಿ ಗೊತ್ತಿದೆ, ತಂಗಲು ಜಾಗವಿದೆ, ಕೆಲಸ ಹೋಗುವುದಿಲ್ಲ ಎಂಬ ಧೈರ್ಯವಿದ್ದವನಿಗೆ ಇವೆಲ್ಲ ಕಾಣುತ್ತವೆ, ಕೇಳುತ್ತವೆ. ಭಯದಿಂದ ಓಡುವವನಿಗೆ ತನ್ನ ಎದೆಬಡಿತವೊಂದೇ ಕೇಳುವುದು.

ಇನ್ನೊಂದು ಮಾತು. ಕಾಡಿನಲ್ಲಿ ನಡೆಯುವುದನ್ನು ಈಗಿನವರು ಚಾರಣವೆನ್ನುತ್ತಾರೆ, ಹೊಸ ಫ್ಯಾಶನ್ನು ಎನ್ನುತ್ತಾರೆ. ಅದೇ ಕಾಡಿನ ನಡುವೆ ಉಳವಿಯಿದೆ. ಚೆನ್ನಬಸವಣ್ಣನವರ ಸಮಾಧಿಯಿರುವ ಕ್ಷೇತ್ರ. ಭಾರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ, ತಲೆಮಾರುಗಳಿಂದ ಆ ಕಾಡನ್ನು ದಾಟಿ ಬರುತ್ತಿದ್ದಾರೆ. ಎಲ್ಲಿ ತಂಗಬೇಕು, ಎಲ್ಲಿ ನೀರು, ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕವೆಲ್ಲ ಆ ಹಿರಿಯರಿಗೆ ಬಾಯಿಪಾಠ. ಏರ್ಪಾಡೆಂಬುದನ್ನು ನಾವು ಪರರಿಂದ ಕಲಿಯಬೇಕಾಗಿಲ್ಲ. ಮರೆತದ್ದನ್ನು ನೆನಪಿಸಿಕೊಂಡರೆ ಸಾಕು.

ಆದುದರಿಂದ ನನ್ನ ಸೂಚನೆ ಹೀಗಿದೆ. ಮೊದಲ ದಿನ ರೈಲಿನಿಂದ ಇಳಿದು ಬಸ್ಸಿನಲ್ಲಿ ದಾಂಡೇಲಿ ಸೇರಿ, ಕಚೇರಿಯಲ್ಲಿ ಹೆಸರು ಬರೆಸಿ, ಸಾಧ್ಯವಾದರೆ ನಾಟಾ ಡಿಪೋವನ್ನು ನೋ‍ಡಿ, ತಂಗುವುದು. ಎರಡು ಮತ್ತು ಮೂರನೆಯ ದಿನ ಮಾರ್ಗದರ್ಶಿಯೊಡನೆ ಅಪ್ಪಣೆಯಾದ ದಾರಿಯಲ್ಲಿ ನಡೆಯುವುದು. ನಾಲ್ಕನೆಯ ದಿನ ಬಸ್ಸಿನಲ್ಲಿ ಉಳವಿಗೆ ಹೋಗಿ ಬರುವುದು. ಒಬ್ಬನಿಗೆ ಜ್ವರ ಬಂದರೆ ಹನ್ನೊಂದು ಮಂದಿಯೂ ತಿರುಗುವುದು. ಅಪ್ಪಣೆ ಸಿಗದಿದ್ದರೆ ಕಾಡಿಗೆ ಹೋಗದೆ ಉಳವಿಯ ದಾರಿಯನ್ನಷ್ಟೇ ಕಂಡು ಬರುವುದು. ಹಿಂದಿರುಗುವುದಕ್ಕೂ ಏರ್ಪಾಡಿನಲ್ಲಿ ಒಂದು ಜಾಗವಿರಲಿ. ಆಗ ಹಿಂದಿರುಗಿದವನಿಗೆ ಸೋತೆನೆಂಬ ನಾಚಿಕೆ ಇರುವುದಿಲ್ಲ.

ಕಳೆದ ವಾರ ಈ ಅರ್ಜಿಯ ವಿಷಯವನ್ನು ನನ್ನ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಹುಡುಗರನ್ನು ಬಿಡಬೇಕೋ ಬೇಡವೋ ಎಂದು ಕೇಳಿದೆ. "ಬಿಡಿ ಮಾರಾಯ, ಹೋಗಿ ಬರಲಿ. ಕಟ್ಟಿಗೆ ಮಾತ್ರ ಕೇಳಿ ತೆಗೆಯಲಿಕ್ಕೆ ಹೇಳಿ" ಎಂದ. ಅವನ ಮಾತನ್ನು ನಿಮಗೆ ಮುಟ್ಟಿಸಿದ್ದೇನೆ. ಸಮಿತಿಯು ಅರ್ಜಿಯನ್ನು ಮಂಜೂರು ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.